ಬಗ್ಗಡ ನೀರಿನಲ್ಲಿ ಟ್ರೌಟ್: ಸ್ಪಿನ್ನರ್, ಸ್ಟ್ರೀಮರ್, ನಿಂಫ್, ಎರೆಹುಳು – ಯಾವಾಗ ಯಾವುದು?

ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ. ನಮ್ಮ ಕಡೆಯಿಂದ ಟ್ರೌಟ್ ಎಂಬ ತಣ್ಣೀರಿನ ಮೀನಿನ ಗಾಳಕ್ಕೆಂದು ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೋ ಕಾಶ್ಮೀರದ ಲಿದ್ದರ್ ಹೊಳೆಗೋ ಹೋಗುವ ಸಂಸಾರವಂದಿಗರು ಟಿಕೆಟ್ ಮಾಡಿಸುವುದೂ ಆ ತಿಂಗಳಿಗೇ. ಮೇಲಿನ ಹಿಮ ಕರಗಿ ಹೊಳೆ ಉಕ್ಕುವುದೂ ಅದೇ ಹೊತ್ತಿಗೆ. ಚಿತ್ರದಲ್ಲಿ ನೋಡಿಕೊಂಡು ಹೋದ ತಿಳಿನೀರು ಅಲ್ಲಿರುವುದಿಲ್ಲ, ಬೂದಿ ಕಲಸಿದಂಥ ನೀರು ಬಂಡೆಗಳ ಮೇಲೆ ಹಾರುತ್ತಿರುತ್ತದೆ. ಡಬ್ಬಿ ತೆಗೆದರೆ ಸಿಗುವುದು ತಿಳಿನೀರಿಗೆಂದು ಕೊಂಡ ಸಣ್ಣಸಣ್ಣ ಫ್ಲೈಗಳು (ಗಾಳಕ್ಕೆ ಗರಿ–ನೂಲು ಸುತ್ತಿ ಹುಳುವಿನಂತೆ ಕಟ್ಟಿದವು), ಕೂದಲೆಳೆಯಂಥ ದಾರ. ಎರಡು ದಿನ ನಡುಹೊಳೆಗೆ ಎಸೆದೆಸೆದು ಕೈ ಸೋತ ಮೇಲೆ ರಾಡ್ ಮಡಚಿ ಇಡುತ್ತಾರೆ.

ಬಗ್ಗಡ ನೀರಿನಲ್ಲೂ ಟ್ರೌಟ್ ತಿನ್ನುತ್ತದೆ. ಅಷ್ಟೇ ಅಲ್ಲ, ದೊಡ್ಡ ಕಂದು ಟ್ರೌಟ್ ಹಗಲಿನಲ್ಲೇ ಅಡಗುತಾಣ ಬಿಟ್ಟು ದಡದ ಹತ್ತಿರಕ್ಕೆ ಬರುವುದು ಇಂಥ ನೀರಿನಲ್ಲೇ ಹೆಚ್ಚು. ಅದು ನಿಲ್ಲುವ ಜಾಗ ಬದಲಾಗಿರುತ್ತದೆ, ತಿನ್ನಲು ಹುಡುಕುವ ಬಗೆ ಬದಲಾಗಿರುತ್ತದೆ. ಹಾಗಾಗಿ ಆಯ್ಕೆಯ ಸರದಿ ಹೀಗಿರಬೇಕು: ಮೊದಲು ಜಾಗ, ಆಮೇಲೆ ತೂಕ, ಕಟ್ಟಕಡೆಗೆ ಬಣ್ಣ. ಬಹಳ ಜನ ಬಣ್ಣದಿಂದ ಶುರು ಮಾಡಿ ಜಾಗದ ಮಾತಿಗೆ ಬರುವುದೇ ಇಲ್ಲ. ಮಲೆನಾಡಿನಲ್ಲಿ ಮುಂಗಾರಿನ ಕೆನ್ನೀರು ಬಂದಾಗ ನಡುಹೊಳೆ ಬಿಟ್ಟು, ದಡದ ಬೇರಿನ ಬುಡಕ್ಕೆ, ತೋಡು ಬಂದು ಸೇರುವ ಬಾಯಿಗೆ ಗಾಳ ಹಾಕಿ ಬೆಳೆದವರಿಗೆ ಈ ಲೆಕ್ಕ ಹೊಸದೇನಲ್ಲ.

ನೀರು ಬಗ್ಗಡವಾಗಿರುವುದು ಯಾತರಿಂದ?

ಮೂರು ಬಗೆಯ ಬಗ್ಗಡವಿದೆ. ಮೂರಕ್ಕೂ ಬೇರೆಬೇರೆ ಲೆಕ್ಕ.

ಹಿಮ ಕರಗಿ ಬಂದ ನೀರು ಬೂದು ಅಥವಾ ಹಾಲು ಬೆರೆಸಿದ ಹಸಿರು. ಇದಕ್ಕೆ ದಿನದ ತಾಳವಿದೆ. ಬಿಸಿಲೇರಿದಂತೆ ಮೇಲೆ ಹಿಮ ಕರಗುತ್ತದೆ, ಆ ನೀರು ಕೆಳಗೆ ಮುಟ್ಟುವುದು ಮಧ್ಯಾಹ್ನದ ಮೇಲೆ ಅಥವಾ ಸಂಜೆಗೆ. ಹಿಮದಿಂದ ದೂರ ಹೋದಷ್ಟೂ ಉಬ್ಬರ ತಡ. ರಾತ್ರಿ ಚಳಿಗೆ ಕರಗುವಿಕೆ ತಗ್ಗಿ, ಬೆಳಗಿನ ಜಾವದಿಂದ 9–10 ಗಂಟೆಯ ತನಕ ಹೊಳೆ ಇದ್ದುದರಲ್ಲಿ ತಗ್ಗಿರುತ್ತದೆ, ತಿಳಿಯಾಗಿಯೂ ಇರುತ್ತದೆ. ಮೇ–ಜೂನ್‌ನಲ್ಲಿ ಮೀನು ಬೇಕೆಂದರೆ ಬೆಳಗಿನ ಕಾಫಿಯನ್ನು ಫ್ಲಾಸ್ಕಿಗೆ ಹಾಕಿಕೊಂಡು ಹೊಳೆಗೆ ಹೋಗಬೇಕು, ತಿಂಡಿ ಮುಗಿಸಿ ಹೊರಟರೆ ಒಳ್ಳೆಯ ಹೊತ್ತು ಕಳೆದಿರುತ್ತದೆ. ಲಿದ್ದರ್‌ನ ಪಶ್ಚಿಮ ಕವಲಿನಂತೆ ನೇರ ಹಿಮನದಿಯಿಂದಲೇ ಇಳಿಯುವ ನೀರಿನಲ್ಲಿ ಬಂಡೆ ಅರೆದು ಹಿಟ್ಟಾದ ಪುಡಿ ತೇಲುತ್ತಿರುತ್ತದೆ. ಅದು ಒಂದು ರಾತ್ರಿಯಲ್ಲಿ ಕೆಳಗೆ ಕೂರುವಂಥದ್ದಲ್ಲ. ಅಲ್ಲಿ ಬೆಳಗ್ಗೆ ನೀರಿನ ಮಟ್ಟ ಇಳಿದರೂ ಬಣ್ಣ ಅಷ್ಟಾಗಿ ತಿಳಿಯಾಗದು.

ಮಳೆಯ ಬಗ್ಗಡ ಕಂದು ಅಥವಾ ಕೆಂಪು. ಗಂಟೆಯೊಳಗೆ ಏರುತ್ತದೆ, ಎಲೆ–ಕಡ್ಡಿ ಹೊತ್ತು ತರುತ್ತದೆ. ಇದರಲ್ಲಿ ಒಂದು ಒಳ್ಳೆಯದಿದೆ: ಎರೆಹುಳು, ಜೀರುಂಡೆ, ಮಿಡತೆ ಎಲ್ಲವೂ ಕೊಚ್ಚಿ ಬರುತ್ತವೆ. ಏರುವ ಮೊದಲ ಅರ್ಧ ಗಂಟೆ ಟ್ರೌಟ್ ಹುಚ್ಚೆದ್ದು ತಿನ್ನುವುದುಂಟು. ಆ ಅರ್ಧ ಗಂಟೆಯ ಆಸೆಗೆ ಬಿದ್ದು ಹೊಳೆಯಲ್ಲಿ ನಿಲ್ಲಬೇಡಿ, ಕಾರಣ ಕೆಳಗೆ ಇದೆ. ನಿಜವಾದ ಬೇಟೆ ಇರುವುದು ನೀರು ಇಳಿಯತೊಡಗಿ, ಕಂದು ಬಣ್ಣದಲ್ಲಿ ಹಸಿರು ಇಣುಕಿದಾಗ. ಕಾಡಿನೊಳಗಿಂದ ಬರುವ ಸಣ್ಣ ತೊರೆಗೆ ಇದಕ್ಕೆ ಅರ್ಧ ದಿನ ಸಾಕು. ಮುಖ್ಯ ಹೊಳೆಗೆ ಎರಡು ಮೂರು ದಿನ ಬೇಕು, ಮೇಲೆ ಎಲ್ಲೋ ರಸ್ತೆ ಅಗೆಯುತ್ತಿದ್ದರೆ ಅಥವಾ ಗುಡ್ಡ ಜರಿದಿದ್ದರೆ ವಾರವೂ ಸಾಲದು.

ಮೂರನೆಯದು ಅಣೆಕಟ್ಟಿನ ಹೂಳು. ಜಲಾಶಯದ ತಳದ ಗೇಟು ತೆಗೆದು ಹೂಳು ತೊಳೆಯುವಾಗ ಬರುವ ನೀರು ಕಪ್ಪು, ದಪ್ಪ. ಅದು ಮೀನಿನ ಕಿವಿರಿಗೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಅಂಥ ನೀರಿಗೆ ಯಾವ ಆಯ್ಕೆಯೂ ಇಲ್ಲ, ಬೇರೆ ಹೊಳೆಗೆ ಹೋಗುವುದೇ ದಾರಿ.

ಅಳೆಯದೆ ಡಬ್ಬಿ ತೆಗೆಯಬೇಡಿ

ನೀರು ಎಷ್ಟು ಎತ್ತರ ಬಂದಿದೆ ಎನ್ನುವುದಕ್ಕಿಂತ ಎಷ್ಟು ಆಳ ಕಾಣುತ್ತಿದೆ ಎನ್ನುವುದು ಮುಖ್ಯ. ಎತ್ತರದ ನೀರು ಹಸಿರಾಗಿದ್ದರೆ ಮೀನು ಸಿಗುತ್ತದೆ, ತಗ್ಗಿನ ನೀರು ಕೆಸರಾಗಿದ್ದರೆ ಕಷ್ಟ. ಕೈಕೋಲಿಗೆ 10 ಸೆ.ಮೀ.ಗೊಂದರಂತೆ ಗುರುತು ಮಾಡಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚಮಚ ಕಟ್ಟಿಕೊಳ್ಳಿ. ದಡದಲ್ಲೇ ನಿಂತು, ಸೆಳವಿಲ್ಲದ ಕಡೆ ಮುಳುಗಿಸುತ್ತಾ ಹೋಗಿ. ಚಮಚ ಕಣ್ಮರೆಯಾದ ಗುರುತೇ ಆ ದಿನದ ಅಳತೆ.

10 ಸೆ.ಮೀ.ಗಿಂತ ಕಡಿಮೆ ಬಂದರೆ ಆ ಹೊಳೆ ಬಿಟ್ಟುಬಿಡಿ. 10ರಿಂದ 25ರ ನಡುವೆ ಮೀನು ಕಣ್ಣನ್ನು ನಂಬುವುದಿಲ್ಲ. ಮೈ ಉದ್ದಕ್ಕೂ ಇರುವ ಪಾರ್ಶ್ವರೇಖೆಯಿಂದ ನೀರಿನ ಅದುರನ್ನು ಹಿಡಿಯುತ್ತದೆ, ವಾಸನೆ ಹಿಡಿಯುತ್ತದೆ. ಆಗ ದುಂಡು ಎಲೆಯ ಸ್ಪಿನ್ನರ್ (ಎಳೆದಾಗ ಲೋಹದ ಎಲೆ ತಿರುಗುವ ಗಾಳ) ಅಥವಾ ಎರೆಹುಳು. 25ರಿಂದ 50ರಲ್ಲಿ ಕಪ್ಪು ಸ್ಟ್ರೀಮರ್‌ಗೆ (ಸಣ್ಣ ಮೀನಿನಂತೆ ಆಡುವ ದೊಡ್ಡ ಫ್ಲೈ), ಭಾರದ ನಿಂಫ್‌ಗೆ (ನೀರಿನ ಕೀಟಗಳ ಮರಿಯಂತೆ ಕಾಣುವ ಫ್ಲೈ) ಕೆಲಸವಿದೆ. 50 ದಾಟಿ ಮೀಟರಿನ ತನಕ ಕಂಡರೆ ಅದು ಬಗ್ಗಡವೇ ಅಲ್ಲ, ಹಬ್ಬ. ಮೀನಿಗೆ ನೀವು ಕಾಣುವುದಿಲ್ಲ, ನಿಮ್ಮ ಗಾಳ ಕಾಣುತ್ತದೆ.

ಅಳೆದಾದ ಮೇಲೆ ನೀರಂಚಿಗೆ ಸರಿಯಾಗಿ ಒಂದು ಕಲ್ಲಿಡಿ. 15 ನಿಮಿಷ ಬಿಟ್ಟು ನೋಡಿ. ಕಲ್ಲು ಮುಳುಗಿದ್ದರೆ ನೀರು ಏರುತ್ತಿದೆ, ಕಲ್ಲಿನ ಮುಂದೆ ಒದ್ದೆ ಮರಳಿನ ಪಟ್ಟಿ ಬಿಟ್ಟಿದ್ದರೆ ಇಳಿಯುತ್ತಿದೆ. 30 ಸೆ.ಮೀ. ಕಾಣುವ ಇಳಿಯುವ ನೀರು, 50 ಸೆ.ಮೀ. ಕಾಣುವ ಏರುವ ನೀರಿಗಿಂತ ಎಷ್ಟೋ ವಾಸಿ. ಥರ್ಮಾಮೀಟರ್ ಇದ್ದರೆ ಅದನ್ನೂ ಅದ್ದಿ. 6 ಡಿಗ್ರಿ ಸೆಲ್ಸಿಯಸ್‌ನ ಹಿಮನೀರಿನಲ್ಲಿ ಮೀನಿನ ಮೈ ಮರಗಟ್ಟಿದಂತಿರುತ್ತದೆ, ಗಾಳವನ್ನು ಮೂತಿಯ ಮುಂದೆಯೇ ನಿಧಾನ ದಾಟಿಸಬೇಕು. 10–14 ಡಿಗ್ರಿಯಲ್ಲಿ ಒಂದಿಷ್ಟು ಅಟ್ಟಿಸಿಕೊಂಡೂ ಬಂದೀತು.

ಮುಖ್ಯ ಹೊಳೆಯೋ, ಪಕ್ಕದ ತೊರೆಯೋ, ಬುಗ್ಗೆಯ ನೀರೋ

ಗಾಳ ಬದಲಿಸುವುದಕ್ಕಿಂತ ನೀರು ಬದಲಿಸುವುದು ಹೆಚ್ಚು ಫಲ ಕೊಡುತ್ತದೆ. ತೀರ್ಥನ್ ರಾಡಿಯಾದ ದಿನ ಗುಶೈನಿಯಲ್ಲಿ ಅದಕ್ಕೆ ಸೇರುವ ಫಲಾಚನ್ ಬೇರೆ ಬಣ್ಣದಲ್ಲಿರಬಹುದು. ಎರಡು ಕಣಿವೆಗೂ ಒಂದೇ ಮಳೆ ಒಂದೇ ಸಮ ಬೀಳುವುದಿಲ್ಲ. ಹಿಮಾಚಲದ ಬರೋಟ್‌ನಲ್ಲಿ ಊಹ್ಲ್ ಹೊಳೆ ಕದಡಿದ್ದರೆ ಅಲ್ಲೇ ಬಂದು ಕೂಡುವ ಲಂಬಾಡಗ್ ನೋಡಿ ಬರುವುದು ನಡೆದು ಹೋಗುವಷ್ಟು ದೂರ. ಎರಡು ನೀರು ಕೂಡುವಲ್ಲಿ ತಿಳಿನೀರಿನ ಪಟ್ಟಿಯೊಂದು ಮುಖ್ಯ ಹೊಳೆಯ ಬದಿಗೆ ಅಂಟಿಕೊಂಡು ಹರಿಯುತ್ತದೆ. ಕೆಲವೆಡೆ ನೂರು ಮೀಟರ್ ತನಕವೂ ಎರಡು ಬಣ್ಣ ಬೆರೆಯದೆ ಹೋಗುತ್ತವೆ. ಬಗ್ಗಡದಲ್ಲಿ ಇಡೀ ಹೊಳೆಯಲ್ಲಿ ಒಂದೇ ಜಾಗ ಆರಿಸಿ ಎಂದರೆ ನಾವು ಆರಿಸುವುದು ಆ ಪಟ್ಟಿಯ ಒಳಗೆರೆಯನ್ನು. ಮೀನು ಕೆಸರಿನ ಮರೆಯಲ್ಲಿ ನಿಂತು ತಿಳಿನೀರಿನಲ್ಲಿ ಬರುವುದನ್ನು ಹೆಕ್ಕುತ್ತದೆ.

ಕಾಶ್ಮೀರದಲ್ಲಿ ಇನ್ನೊಂದು ಅನುಕೂಲವಿದೆ. ಕೊಕರ್‌ನಾಗ್, ವೆರಿನಾಗ್‌ಗಳಲ್ಲಿ ಸುಣ್ಣಕಲ್ಲಿನ ಬೆಟ್ಟದ ಬುಡದಿಂದ ಬುಗ್ಗೆಗಳು ಹೊಮ್ಮುತ್ತವೆ. ಬುಗ್ಗೆಯ ನೀರಿಗೆ ಹಿಮ ಕರಗಿದ ಸುದ್ದಿ ಸುಲಭಕ್ಕೆ ಮುಟ್ಟುವುದಿಲ್ಲ, ವರ್ಷವಿಡೀ ತಂಪು ಹೆಚ್ಚೂಕಡಿಮೆ ಒಂದೇ ಸಮ. ಲಿದ್ದರ್ ಮತ್ತು ಸಿಂಧ್ ಹೊಳೆಗಳು ಬೂದಿಯಾದ ವಾರ ಕೊಕರ್‌ನಾಗ್ ಕಡೆಯ ನೀರಿಗೆ ಪರವಾನಗಿ ಸಿಗುತ್ತದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಅಲ್ಲಿ ಹೊಳೆಯನ್ನು ಬೀಟ್‌ಗಳಾಗಿ ಹಂಚಿ ಪರವಾನಗಿ ಕೊಡುವುದರಿಂದ ಹಿಂದಿನ ದಿನವೇ ವಿಚಾರಿಸಬೇಕು. ಆದರೆ ಬುಗ್ಗೆಯ ತಿಳಿನೀರಿಗೆ ಈ ಬರಹದ ಭಾರದ ಸಾಮಾನು ಒಯ್ಯಬೇಡಿ. ಅಲ್ಲಿಗೆ ಸಣ್ಣ ಫ್ಲೈ, ತೆಳು ದಾರವೇ ಸರಿ.

ಹಿಮಾಚಲದಲ್ಲಿ ಟ್ರೌಟ್ ಹಿಡಿಯಲು ಮಾರ್ಚ್ 1ರಿಂದ ಅಕ್ಟೋಬರ್ 31ರ ತನಕ ಅವಕಾಶ, ಉಳಿದ ನಾಲ್ಕು ತಿಂಗಳು ಮೊಟ್ಟೆಯಿಡುವ ಕಾಲವಾದ್ದರಿಂದ ನಿಷೇಧ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಮೇ ಬಿಟ್ಟು ಮಾರ್ಚ್ ಕೊನೆ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಿಸಿ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿಗೆ ಗಾಳ ಹಿಡಿದು ಹೋಗುವುದು ಬೇಡವೇ ಬೇಡ. 2023ರ ಜುಲೈನಲ್ಲಿ ಬಿಯಾಸ್ ಮತ್ತು ಸೈಂಜ್ ಕಣಿವೆಗಳ ದಡದ ಮನೆ, ಅಂಗಡಿ, ಸೇತುವೆಗಳೇ ಕೊಚ್ಚಿಹೋದವು.

ಮೀನು ಎಲ್ಲಿ ನಿಂತಿದೆ

ಸೆಳವು ಎರಡು ಪಟ್ಟಾದರೆ ಅದರ ನೂಕುಬಲ ನಾಲ್ಕು ಪಟ್ಟಾಗುತ್ತದೆ. ನಡುಹೊಳೆಯಲ್ಲಿ ನಿಂತು ಅಷ್ಟು ಬಲ ಖರ್ಚು ಮಾಡಲು ಟ್ರೌಟ್‌ಗೆ ಮನಸ್ಸಿಲ್ಲ. ಅದಕ್ಕೆ ಬೇಕಾದ್ದು ನಡಿಗೆಯ ವೇಗದಲ್ಲಿ ಹರಿಯುವ ನೀರು, ಪಕ್ಕದಲ್ಲಿ ತಿಂಡಿ ಹೊತ್ತು ತರುವ ವೇಗದ ನೀರು. ಉಕ್ಕಿದ ಹೊಳೆಯಲ್ಲಿ ಇಂಥ ಜಾಗ ಸಿಗುವುದು ದಡದಿಂದ ಒಂದೂವರೆ ಮೀಟರಿನ ಒಳಗೆ. ನಿನ್ನೆ ಒಣಗಿದ್ದು ಇಂದು ಮುಳುಗಿದ ಹುಲ್ಲಿನಂಚು, ತಿರುವಿನ ಒಳಮೈ, ಕುಸಿದ ಮರದ ಹಿಂಬದಿ, ಪಕ್ಕಕ್ಕೆ ಒಡೆದು ಹೋದ ಕಿರುಗಾಲುವೆ ಇವೆಲ್ಲ ನೋಡಬೇಕಾದ ಜಾಗಗಳು.

ದೊಡ್ಡ ಬಂಡೆಯ ಹಿಂದಿನ ಮಡುವನ್ನು ಮಾತ್ರ ಒಂದು ನಿಮಿಷ ದಿಟ್ಟಿಸಿ ನೋಡಿ. ಬಂಡೆಯ ಎರಡೂ ಬದಿಯಿಂದ ಸೆಳವು ಸೀಳಿಕೊಂಡು ಹೋಗುತ್ತದೆ, ನಡುವೆ ಈಚಲು ಚಾಪೆಯಷ್ಟಗಲ ನೀರು ತಿರುಗುತ್ತಿರುತ್ತದೆ. ಅದರ ಮೇಲೆ ದೇವದಾರು ಸೂಜಿಗಳು, ನೊರೆ. ಸೂಜಿ ಸರಸರನೆ ಸುತ್ತಿ ಒಳಕ್ಕೆ ಎಳೆದುಕೊಂಡರೆ ಅಲ್ಲಿ ಸುಳಿ ಬಲವಾಗಿದೆ, ಮೀನಿಗೆ ನೆಮ್ಮದಿಯಿಲ್ಲ. ನೊರೆ ತೂಕಡಿಸುವಂತೆ ಒಂದು ಸುತ್ತು ಬಂದು, ಅಂಚಿಗೆ ತಾಗಿ, ಮತ್ತೆ ಹಿಂದಕ್ಕೆ ಬರುತ್ತಿದ್ದರೆ ಅದೇ ಜಾಗ. ಮೀನು ನಡುವಿನಲ್ಲಿರುವುದಿಲ್ಲ. ತಿರುಗುವ ನೀರಿಗೂ ಓಡುವ ನೀರಿಗೂ ನಡುವಿನ ಗೆರೆಯ ಕೆಳಗೆ, ತಳಕ್ಕೆ ಒತ್ತಿಕೊಂಡಿರುತ್ತದೆ. ಆ ಗೆರೆಯ ಉದ್ದಕ್ಕೂ ಗಾಳ ಸಾಗಬೇಕು, ಅಡ್ಡ ಹಾಯ್ದರೆ ಮೀನಿಗೆ ಅರೆಕ್ಷಣ ಮಾತ್ರ ಸಿಗುತ್ತದೆ.

ಮೀನು ಕಾಲಬುಡದಲ್ಲೇ ಇರುವುದರಿಂದ ಮೊದಲ ಎಸೆತ ದಡಕ್ಕೆ ಎರಡು ಮೀಟರ್ ಹಿಂದೆ ನಿಂತು. ನೀರಿಗಿಳಿದವರು ಹೆಚ್ಚಾಗಿ ನಿಲ್ಲುವುದು ಮೀನು ಇರಬೇಕಾದ ಜಾಗದಲ್ಲೇ.

ದಡ ಬಿಡಬೇಕಾದ ಹೊತ್ತು

ಬಗ್ಗಡದಲ್ಲಿ ನೀರಿಗಿಳಿಯುವ ಅಗತ್ಯವೇ ಇಲ್ಲ. ತಳ ಕಾಣದು, ಉರುಳುವ ಕಲ್ಲು ಕಾಣದು, ಮೊಣಕಾಲು ಮಟ್ಟದ ಹಿಮನೀರು ಗಟ್ಟಿ ಆಳನ್ನೂ ಉರುಳಿಸುತ್ತದೆ. ಹೊಳೆನಡುವಿನ ಬಂಡೆ ಹತ್ತಿ ನಿಲ್ಲುವುದಂತೂ ಕೂಡದು. 2014ರ ಜೂನ್ 8ರಂದು ಬಿಯಾಸ್ ದಂಡೆಯ ಥಲೋಟ್ ಬಳಿ, ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೈದರಾಬಾದಿನಿಂದ ಬಂದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ಗಾಳಕ್ಕೆ ಬಂದವರಲ್ಲ, ಬಂಡೆಗಳ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಬಿಯಾಸ್ ಮತ್ತು ಸೈಂಜ್ ಮೇಲೆ ಜಲವಿದ್ಯುತ್ ಯೋಜನೆಗಳಿವೆ. ಬಿಸಿಲು ಕಾಯುತ್ತಿರುವ ದಿನವೂ ಅಲ್ಲಿ ನೀರು ಏರಬಹುದು. ಬಗ್ಗಡದ ದಿನಕ್ಕೆ ತೀರ್ಥನ್, ಸೈಂಜ್ ಎರಡರ ನಡುವೆ ಆರಿಸುವುದಾದರೆ ಲಾರ್ಜಿಗಿಂತ ಮೇಲಿನ ತೀರ್ಥನ್ನೇ ಆರಿಸಿ.

ಸೈರನ್ ಕೇಳಿದರೆ ಹೊರಡಿ. ಎಲೆ–ಕಡ್ಡಿ ಒಮ್ಮೆಲೇ ಹೆಚ್ಚಾದರೆ, ತಳದಲ್ಲಿ ಕಲ್ಲುರುಳುವ ಗುಡುಗುಡು ಕೇಳಿದರೆ, ಬಣ್ಣ ಕಣ್ಣೆದುರೇ ದಪ್ಪವಾದರೆ ಹೊರಡಿ. ಎಲ್ಲಕ್ಕಿಂತ ಕೆಟ್ಟ ಸೂಚನೆ ನೀರು ಕಾರಣವಿಲ್ಲದೆ ದಿಢೀರ್ ಇಳಿಯುವುದು: ಮೇಲೆ ಗುಡ್ಡ ಜರಿದು ಹೊಳೆಗೆ ಅಡ್ಡ ನಿಂತಿರಬಹುದು, ಆ ಕಟ್ಟೆ ಒಡೆಯಲು ಹೆಚ್ಚು ಹೊತ್ತು ಬೇಡ. ರಾಡ್ ಅಲ್ಲೇ ಬಿಟ್ಟರೂ ಸರಿ, ನೇರ ಮೇಲಕ್ಕೆ ಹತ್ತಿ.

ಸ್ಪಿನ್ನರ್: ಒಂದೇ ಒಯ್ಯುವುದಾದರೆ ಇದು

ಫ್ಲೈ ಎಸೆದು ಅಭ್ಯಾಸವಿಲ್ಲದವರಿಗೆ, 10ರಿಂದ 40 ಸೆ.ಮೀ. ಕಾಣುವ ನೀರಿಗೆ, ನಮ್ಮ ಮೊದಲ ಆಯ್ಕೆ ಸ್ಪಿನ್ನರ್. ತಿರುಗುವ ಎಲೆ ನೀರನ್ನು ಬಡಿಯುತ್ತದೆ, ಆ ಬಡಿತ ಮೀನಿನ ಪಾರ್ಶ್ವರೇಖೆಗೆ ಮುಟ್ಟುತ್ತದೆ. ತಿಳಿನೀರಿನಲ್ಲಿ 0 ಅಥವಾ 1ನೇ ನಂಬರು ಹಾಕುವವರು ಇಲ್ಲಿ 3ಕ್ಕೆ ಏರಬೇಕು, ತೂಕ ಸುಮಾರು 6ರಿಂದ 9 ಗ್ರಾಂ. ಎಲೆಯ ಆಕಾರದಲ್ಲೇ ಹೆಚ್ಚಿನ ಜನ ಎಡವುವುದು. ದುಂಡನೆಯ ಅಗಲ ಎಲೆ ಬಲವಾಗಿ ಬಡಿಯುತ್ತದೆ, ಆದರೆ ಸೆಳವಿನಲ್ಲಿ ಗಾಳಿಪಟದಂತೆ ಮೇಲಕ್ಕೆದ್ದುಬಿಡುತ್ತದೆ. ಉದ್ದನೆಯ ಎಲೆ ಕಡಿಮೆ ಬಡಿಯುತ್ತದೆ, ಆದರೆ ಆಳ ಹಿಡಿದು ನಿಲ್ಲುತ್ತದೆ. ಹಿನ್ನೀರಿನ ಮಡುವಿಗೆ, ಹುಲ್ಲಿನಂಚಿಗೆ ದುಂಡೆಲೆ; ಓಟದ ನೀರಿನ ಗೆರೆಗೆ ಉದ್ದೆಲೆ. ಎರಡೂ ತರಹದ್ದು ಎರಡೆರಡು ಇರಲಿ.

ಎಸೆತ ಸ್ವಲ್ಪ ಮೇಲ್ಮುಖವಾಗಿ ಅಡ್ಡಕ್ಕೆ. ಬಿದ್ದ ಮೇಲೆ ಎರಡು ಎಣಿಸಿ ಮುಳುಗಲು ಬಿಟ್ಟು, ಎಲೆ ತಿರುಗಲು ಬೇಕಾದಷ್ಟೇ ನಿಧಾನವಾಗಿ ಸುತ್ತಿ. ರಾಡಿನ ತುದಿಗೆ ಕಣ್ಣಿಡಿ: ಎಲೆ ತಿರುಗುತ್ತಿದ್ದರೆ ತುದಿ ಒಂದೇ ಸಮ ಮಿಡಿಯುತ್ತದೆ, ಬೆರಳಿಗೂ ಆ ಮಿಡಿತ ಬರುತ್ತದೆ. ಮಿಡಿತ ನಿಂತರೆ ಎಲೆಗೆ ಕಸ ಸಿಕ್ಕಿದೆ, ಅಥವಾ ನೀವು ತೀರ ನಿಧಾನ, ಅಥವಾ ಮೀನು ಹಿಡಿದಿದೆ. ಮೂರಕ್ಕೂ ಉತ್ತರ ಒಂದೇ, ರಾಡನ್ನು ಪಕ್ಕಕ್ಕೆ ಚುರುಕಾಗಿ ಎಳೆಯುವುದು.

ದಾರ 0.25ರಿಂದ 0.28 ಮಿ.ಮೀ. ನೈಲಾನ್ ಸಾಕು. ಹೆಣೆದ ದಾರವಾದರೆ ತುದಿಗೆ ಒಂದು ಮೀಟರ್ ಫ್ಲೂರೋಕಾರ್ಬನ್ ಸೇರಿಸಿ, ಇಲ್ಲವಾದರೆ ಕಲ್ಲಿಗೆ ಉಜ್ಜಿ ಹರಿಯುತ್ತದೆ. ಸ್ಪಿನ್ನರ್‌ಗಿಂತ ಒಂದು ಮೊಳ ಮೇಲೆ ಒಳ್ಳೆಯ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಹಾಕದಿದ್ದರೆ ಅರ್ಧ ದಿನದಲ್ಲಿ ದಾರ ಹುರಿಗೊಂಡು ರೀಲಿನಿಂದ ಸುರುಳಿಸುರುಳಿಯಾಗಿ ಉದುರುತ್ತದೆ. ಮೂರು ಮುಳ್ಳಿನ ಗಾಳ ತೆಗೆದು ಒಂಟಿಮುಳ್ಳಿನದು ಹಾಕಿಸಿ. ಕಸ ಕಡಿಮೆ ಸಿಗುತ್ತದೆ, ಮೀನಿಗೂ ಗಾಯ ಕಡಿಮೆ.

ಚಮಚದಾಕಾರದ ಲೋಹದ ಗಾಳ, ಸ್ಪೂನ್, ಇದೇ ಜಾತಿಯದು. 10–14 ಗ್ರಾಮಿನದು ದೂರ ಹೋಗುತ್ತದೆ, ಬೇಗ ಮುಳುಗುತ್ತದೆ. ದಡದ ಒಂದೂವರೆ ಮೀಟರಿನ ಕೆಲಸಕ್ಕೆ ಆ ದೂರ ಬೇಕಿಲ್ಲವಾದ್ದರಿಂದ ಅದಕ್ಕೆ ಎರಡನೆಯ ಸ್ಥಾನ.

ಸ್ಟ್ರೀಮರ್: ದೊಡ್ಡ ಮೀನಿಗೆ

ಫ್ಲೈ ರಾಡ್ ಹಿಡಿಯಬಲ್ಲವರಿಗೆ 25 ಸೆ.ಮೀ.ಗಿಂತ ಹೆಚ್ಚು ಕಾಣುವ ನೀರಿನಲ್ಲಿ ಸ್ಟ್ರೀಮರ್‌ನಷ್ಟು ಸಂತೋಷ ಬೇರೆ ಯಾವುದೂ ಕೊಡದು. 6 ಅಥವಾ 4ನೇ ನಂಬರಿನ ಗಾಳಕ್ಕೆ ಕಟ್ಟಿದ, ತಲೆಗೆ ಭಾರವಿರುವ, ವೂಲಿ ಬಗರ್ ಎಂಬ ಕಪ್ಪು ಸ್ಟ್ರೀಮರ್, ಉದ್ದ 6–8 ಸೆ.ಮೀ. ಸಪೂರ ಮೈಯದಕ್ಕಿಂತ ಕೊಬ್ಬಿದ ತಲೆಯದು ಮೇಲು, ನೀರನ್ನು ಹೆಚ್ಚು ತಳ್ಳುತ್ತದೆ. ರಾಡ್ 9 ಅಡಿ, 6ನೇ ತೂಕದ್ದು. ತಿಳಿನೀರಿನ 4ನೇ ತೂಕದ ರಾಡಿಗೆ ಇಷ್ಟು ಭಾರದ ಫ್ಲೈ ಎಸೆಯುವುದೂ ಕಷ್ಟ, ಸೆಳವಿನಿಂದ ಮೀನು ತಿರುಗಿಸುವುದೂ ಕಷ್ಟ.

ಇಲ್ಲಿ ಆಗುವ ದೊಡ್ಡ ತಪ್ಪು ಲೀಡರ್‌ನದು, ಅಂದರೆ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ದಾರದ್ದು. ತಿಳಿನೀರಿನ ಅಭ್ಯಾಸದಿಂದ 9 ಅಡಿಯ ತೆಳು ಲೀಡರ್ ಕಟ್ಟುತ್ತಾರೆ. ಮುಳುಗುವ ತುದಿಯ ಲೈನ್ ತಳಕ್ಕೆ ಹೋದರೂ ಅಷ್ಟುದ್ದದ ಲೀಡರಿನ ಕೊನೆಯಲ್ಲಿ ಫ್ಲೈ ಮೇಲೆಯೇ ತೇಲುತ್ತಿರುತ್ತದೆ. ಬಗ್ಗಡದಲ್ಲಿ ಮೀನಿಗೆ ದಾರ ಕಾಣುವುದಿಲ್ಲ. ಮುಳುಗುವ ತುದಿಗೆ 0.28 ಮಿ.ಮೀ. ದಪ್ಪದ ಒಂದೇ ಮೀಟರ್ ದಾರ ಕಟ್ಟಿ. ಫ್ಲೈಯನ್ನು ಬಿಗಿಗಂಟಿಗೆ ಬದಲು ಸಡಿಲ ಕುಣಿಕೆಗೆ ಕಟ್ಟಿದರೆ ನಿಧಾನದ ನೀರಿನಲ್ಲೂ ಆಡುತ್ತದೆ.

ದಡಕ್ಕೆ ಸಮಾನಾಂತರವಾಗಿ ಎಸೆದು, ಗೇಣಿಗಿಂತ ಕಡಿಮೆ ಎಳೆದು, ನಿಲ್ಲಿಸಿ, ಮತ್ತೆ ಎಳೆಯಿರಿ. ಹೊಡೆತ ಬೀಳುವುದು ಸಾಮಾನ್ಯವಾಗಿ ನಿಲ್ಲಿಸಿದಾಗ. ತಿಳಿನೀರಿನಲ್ಲಿ ಒಂದೇ ಜಾಗಕ್ಕೆ ಮೂರು ಸಲ ಎಸೆದರೆ ಮೀನು ಓಡುತ್ತದೆ. ಇಲ್ಲಿ ಮೊದಲ ನಾಲ್ಕು ಎಸೆತ ಅದಕ್ಕೆ ಗೊತ್ತೇ ಆಗಿರುವುದಿಲ್ಲ. ಒಳ್ಳೆಯ ಗೆರೆಗೆ ಏಳೆಂಟು ಸಲ ಎಸೆದೇ ಮುಂದೆ ಹೋಗಿ.

ನಿಂಫ್: ತಳ ಮುಟ್ಟಿದರೆ ಮಾತ್ರ

ತೀರ್ಥನ್‌ನಂಥ ಹೊಳೆಗಳಲ್ಲಿ ಕಲ್ಲು ಮಗುಚಿದರೆ ಅಡಿಯಲ್ಲಿ ಸ್ಟೋನ್‌ಫ್ಲೈ, ಮೇಫ್ಲೈ ಎಂಬ ಕೀಟಗಳ ಮರಿಗಳು ಅಂಟಿಕೊಂಡಿರುತ್ತವೆ. ಸೆಳವು ಹೆಚ್ಚಾದಾಗ ಅವು ಕಿತ್ತು ಬರುತ್ತವೆ. 6–8ನೇ ನಂಬರಿನ ಕಪ್ಪು ಸ್ಟೋನ್‌ಫ್ಲೈ ಮೇಲೆ, ಅದರಿಂದ 40 ಸೆ.ಮೀ. ಕೆಳಗೆ 10ನೇ ನಂಬರಿನ ಕೆಂಪು ಸ್ಯಾನ್ ಹ್ವಾನ್ ವರ್ಮ್, ಈ ಜೋಡಿ ಮಳೆಯ ನಂತರದ ನೀರಿಗೆ ಹೇಳಿ ಮಾಡಿಸಿದ್ದು. ಎರೆಹುಳುವಿನಂತೆ ಕಾಣುವ ಫ್ಲೈ ಅದು, ನಿಜ ಹುಳುವಿಗೆ ಅನುಮತಿಯಿಲ್ಲದ ಕಡೆ ಬಳಕೆಗೆ ಬರುತ್ತದೆ.

ಇದರಲ್ಲಿ ತೂಕವೇ ಎಲ್ಲ. 4 ಮಿ.ಮೀ. ಟಂಗ್‌ಸ್ಟನ್ ಮಣಿಯಿಂದ ಶುರು ಮಾಡಿ. ಮೂರು ನಾಲ್ಕು ಸೆಕೆಂಡಿಗೊಮ್ಮೆ ತಳಕ್ಕೆ ಟಕ್ಕೆಂದು ತಾಗಬೇಕು. ತಾಗದಿದ್ದರೆ ಫ್ಲೈಗಿಂತ 20 ಸೆ.ಮೀ. ಮೇಲೆ 0.4 ಗ್ರಾಮಿನ ಒಂದು ಗುಂಡು ಸೇರಿಸಿ, ಇನ್ನೂ ತಾಗದಿದ್ದರೆ ಇನ್ನೊಂದು. ಪ್ರತಿ ಸಲ ಸಿಕ್ಕಿಕೊಳ್ಳತೊಡಗಿದರೆ ಒಂದು ತೆಗೆಯಿರಿ. ಫ್ಲೈ ಬದಲಿಸುವ ಮೊದಲು ಎರಡು ಸಲ ತೂಕ ಬದಲಿಸಿ ನೋಡುವುದು ನಿಯಮವಾಗಲಿ. ಸೀಸದ ಬದಲು ತವರದ ಗುಂಡು ಕೊಳ್ಳಿ. ಹೊಳೆಯ ತಳದಲ್ಲಿ ಉಳಿಯುವ ಸೀಸ ವಿಷ.

ಸೂಚಕದ ಬೆಂಡು ಕಟ್ಟುವವರು ನೀರಿನ ಆಳದ ಒಂದೂವರೆ ಪಟ್ಟು ದೂರ ಬಿಟ್ಟು ಕಟ್ಟುತ್ತಾರೆ. ದಡದಂಚಿನ ಕಿರಿದಾದ ಮಡುಗಳಿಗೆ ಬೆಂಡು ಬೇಡ. ರಾಡಿನ ತುದಿಯಿಂದ ನೇರ ಬಿಗಿ ದಾರದಲ್ಲಿ 3–4 ಮೀಟರ್ ಸಾಗಿಸಿ ಎತ್ತಿಬಿಡಿ. ಸ್ಟ್ರೀಮರ್‌ಗಿಂತ ಇದು ಸಣ್ಣ ಮೀನನ್ನೂ ಕೊಡುತ್ತದೆ, ಖಾಲಿ ಕೈಯಲ್ಲಿ ಬರುವ ಸಂಭವ ಕಡಿಮೆ. ಆದರೆ ತೇಲುವ ಕಸ ಹೆಚ್ಚಿದ್ದ ದಿನ ಕೈಬಿಡಿ, ಪ್ರತಿ ಎಸೆತಕ್ಕೂ ಹುಲ್ಲು ಬಿಡಿಸುತ್ತಲೇ ಬೆಳಗು ಕಳೆಯುತ್ತದೆ.

ಎರೆಹುಳು

ಹಿಡಿಯುವ ಬಲದಲ್ಲಿ ಇದಕ್ಕೆ ಸಾಟಿಯಿಲ್ಲ. 15 ಸೆ.ಮೀ. ಕಾಣುವ ಕೆನ್ನೀರಿನಲ್ಲಿ ವಾಸನೆ ಹಿಡಿದು ಮೀನು ತಾನಾಗಿ ಬರುತ್ತದೆ. 8ನೇ ನಂಬರಿನ ಗಾಳ, ಹುಳುವನ್ನು ಒಂದು ಕಡೆ ಮಾತ್ರ ಚುಚ್ಚಿ ಎರಡು ತುದಿ ಆಡುವಂತೆ ಬಿಟ್ಟು, ಅರ್ಧ ಮೀಟರ್ ಮೇಲೆ ಒಂದೆರಡು ಗುಂಡು. ಹಿನ್ನೀರಿನಲ್ಲಿ ತಳಕ್ಕೆ ಕೂರಿಸಿದರೆ ಆಯಿತು.

ಆದರೂ ನಾವು ಇದನ್ನು ಕೊನೆಗೆ ಇಡುತ್ತೇವೆ. ಟ್ರೌಟ್ ಹುಳುವನ್ನು ಗಂಟಲಿನ ತನಕ ನುಂಗುತ್ತದೆ, ಬಿಡುವುದಕ್ಕೆಂದು ಹಿಡಿದ ಮೀನು ಆಮೇಲೆ ಬದುಕುವುದು ಕಷ್ಟ. ಜತೆಗೆ ಪರವಾನಗಿಯ ಪ್ರಶ್ನೆ. ಫ್ಲೈ ಮಾತ್ರ ಎಂದು ಮೀಸಲಾದ ಬೀಟ್‌ಗಳಲ್ಲಿ ಹುಳುವಿರಲಿ, ಸ್ಪಿನ್ನರ್ ಕೂಡ ಅಪರಾಧ. ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡು, ಉಳಿದದ್ದನ್ನು ಕಾವಲುಗಾರರ ಬಳಿ ಕೇಳಿಕೊಂಡೇ ಡಬ್ಬಿ ತೆಗೆಯಿರಿ. ಅಡುಗೆಗೆಂದು ಅನುಮತಿಯಷ್ಟು ಮೀನು ಹಿಡಿದು ನಿಲ್ಲಿಸುವವರಿಗೆ, ನಿಯಮ ಒಪ್ಪುವ ಕಡೆ, ಹುಳು ಸರಿ. ಹಿಡಿದು ಬಿಡುವವರಿಗೆ ಅಲ್ಲ.

ಬಣ್ಣದ ಮಾತು ಈಗ

ಮೀನು ಕೆಳಗಿನಿಂದ ಮೇಲಕ್ಕೆ, ಬೆಳಕಿನ ಕಡೆಗೆ ನೋಡುತ್ತದೆ. ಕಪ್ಪು ವಸ್ತುವಿನ ನೆರಳುಗೆರೆ ಬೂದು ನೀರಿನಲ್ಲಿ ಎದ್ದು ಕಾಣುತ್ತದೆ, ಆದ್ದರಿಂದ ಮೊದಲು ಕಪ್ಪು. ಮಳೆಯ ಕಂದು ನೀರಿನಲ್ಲಿ ನೀಲಿ–ಹಸಿರು ಬೆಳಕು ಬೇಗ ಅಡಗಿ ಕಿತ್ತಳೆ–ಕೆಂಪು ಉಳಿಯುವುದರಿಂದ ಅಲ್ಲಿ ತಾಮ್ರದೆಲೆ ಅಥವಾ ಕಿತ್ತಳೆ ಚುಕ್ಕಿಯ ಸ್ಪಿನ್ನರ್ ನೋಡಿ. ಹಿಮದ ಹಾಲುನೀರಿಗೆ ಎಳೆನಿಂಬೆಯ ಹೊಳಪು ಹಳದಿ. ಬೆಳ್ಳಿಯೆಲೆಗೆ ಬಿಸಿಲು ಬೇಕು, ಮೋಡದ ದಿನ ಬಗ್ಗಡದಲ್ಲಿ ಅದು ಬರೀ ಬೂದಿ. ಕಪ್ಪು ಮತ್ತು ತಾಮ್ರ ಎರಡೇ ಇದ್ದರೂ ದಿನ ನಡೆಯುತ್ತದೆ.

ಮೀನು ಸಿಕ್ಕ ಮೇಲೆ

ಸೆಳವಿಗೆ ಬಿದ್ದರೆ ಅರ್ಧ ಕಿಲೋದ ಮೀನೂ ಎರಡು ಕಿಲೋದಷ್ಟು ಎಳೆಯುತ್ತದೆ. ರಾಡನ್ನು ಮೇಲೆತ್ತಬೇಡಿ. ನೀರಿಗೆ ಸಮನಾಗಿ ಪಕ್ಕಕ್ಕೆ ಬಾಗಿಸಿ, ದಡದ ಕಡೆಗೆ ಒತ್ತಡ ಕೊಟ್ಟು, ಮೊದಲ ಹತ್ತು ಸೆಕೆಂಡಿನಲ್ಲೇ ತಲೆಯನ್ನು ನಿಧಾನದ ನೀರಿಗೆ ತಿರುಗಿಸಿ. ಹಿಡಿಯುವ ಮೊದಲೇ ಕೆಳಗಡೆ ಮೀನನ್ನು ಬರಮಾಡಿಕೊಳ್ಳುವ ಮಡು ಯಾವುದೆಂದು ಗುರುತಿಸಿರಬೇಕು. ಮೀನು ಕೆಳಕ್ಕೆ ಓಡಿತೆಂದು ಒದ್ದೆ ಬಂಡೆಗಳ ಮೇಲೆ ಹಿಂದೆ ಓಡಬೇಡಿ, ದಾರ ಹರಿದರೆ ಹರಿಯಲಿ.

ಬಗ್ಗಡದಲ್ಲಿ ಉಸಿರಾಡುತ್ತಿರುವ ಮೀನಿನ ಕಿವಿರಿಗೆ ಮೊದಲೇ ಆಯಾಸ. ಈ ಕಂದು ಟ್ರೌಟ್ ನಮ್ಮ ನೆಲದ್ದಲ್ಲ, 1900ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಕಾಶ್ಮೀರಕ್ಕೆ ತಂದ ಮೊಟ್ಟೆಗಳಿಂದ ಹಿಮಾಲಯದ ಹೊಳೆಗಳಲ್ಲಿ ನೆಲೆಯಾದದ್ದು. ಆದರೆ ಇಂದು ಆ ಹೊಳೆಗಳಲ್ಲಿ ಅದು ತಾನಾಗಿ ಹುಟ್ಟಿ ಬೆಳೆಯುತ್ತಿದೆ, ನಿಧಾನವಾಗಿ ಬೆಳೆಯುವ ತಣ್ಣೀರಿನ ಮೀನು. ಮರಳಿನ ಮೇಲೆ ಹಾಕಬೇಡಿ. ಕೈ ಒದ್ದೆ ಮಾಡಿಕೊಂಡು, ಬಲೆಯಲ್ಲೇ ನೀರಿನೊಳಗೆ ಗಾಳ ಬಿಡಿಸಿ. ಫೋಟೋಗೆ ಎತ್ತುವುದು ಒಂದೇ ಸಲ, ನೀವು ಉಸಿರು ಬಿಗಿಹಿಡಿದಷ್ಟು ಹೊತ್ತು. ಬಿಡುವುದು ಅದನ್ನು ಹಿಡಿದ ನಿಧಾನದ ನೀರಿಗೇ, ಸೆಳವಿಗಲ್ಲ. ತಲೆ ಮೇಲ್ಮುಖವಾಗಿ ಹಿಡಿದಿದ್ದರೆ ಬಾಲ ಬೀಸಿ ತಾನೇ ಜಾರಿಕೊಳ್ಳುತ್ತದೆ.

ರೂಮಿಗೆ ಬಂದ ಕೂಡಲೇ ರೀಲನ್ನು ಮಗ್ಗಿನಲ್ಲಿ ಸುರಿದ ತಿಳಿನೀರಿನಿಂದ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದರೆ ನೀರಿನ ರಭಸಕ್ಕೆ ಬಂಡೆಯ ಪುಡಿ ಒಳಗೆ ಹೋಗಿ ಬೇರಿಂಗ್ ಸೇರುತ್ತದೆ. ದಾರದ ತುದಿಯ ಎರಡು ಮೀಟರನ್ನು ಉಗುರಿನ ನಡುವೆ ಎಳೆದು ನೋಡಿ. ಒರಟು ಸಿಕ್ಕಲ್ಲಿ ಕತ್ತರಿಸಿ, ನಾಳೆಯ ಗಂಟನ್ನು ರಾತ್ರಿಯೇ ಕಟ್ಟಿಡಿ. ಬೆಳಗ್ಗೆ 5 ಗಂಟೆಯ ಚಳಿಯಲ್ಲಿ ಬೆರಳು ಮಡಚುವುದಿಲ್ಲ.